ಚಳಿ ಬಿಡಿ, ತೇವದ್ದೇ ಕಾಟ

ಇಂಗ್ಲೆಂಡಲ್ಲಿ ನಾವು ಸಂಸಾರ ಹೂಡಿರೋ ದೋಣಿ ಒಳಗೆ ಡಿಸೆಂಬರಲ್ಲಿ ಸೆಕೆ ತಡೀಲಾರ್ದೆ ಕಿಟಕಿ ತೆಗೀತೀವಿ ಅಂದ್ರೆ ಊರಲ್ಲಿ ಯಾರೂ ನಂಬಲ್ಲ. ಅಮ್ಮಂಗಂತೂ ಫೋನ್ ಮಾಡ್ದಾಗೆಲ್ಲ ಒಂದೇ ಚಿಂತೆ, ಆ ಕಬ್ಬಿಣದ ಪೆಟ್ಟಿಗೆ ಒಳಗೆ, ಅದೂ ನೀರಿನ ಮೇಲೆ, ಆ ದೇಶದ ಥಂಡೀಲಿ ಹೆಂಗೆ ಮಲಗ್ತೀರೇ ಅಂತ, ಚಳಿ ಅಷ್ಟೇನೂ ಇಲ್ಲಮ್ಮಾ ಅಂದ್ರೆ ತನಗೆ ಬೇಜಾರಾಗ್ಬಾರ್ದು ಅಂತ ನಾನು ಸುಳ್ಳು ಹೇಳ್ತಿದೀನಿ ಅಂದ್ಕೋತಾಳೆ. ಆದ್ರೆ ನಿಜವಾಗ್ಲೂ ಅಷ್ಟೇನೂ ಇಲ್ಲ. ಏಳಡಿ ಅಗಲಾನೂ ಇಲ್ಲದ ಜಾಗಕ್ಕೆ ಒಂದು ಎರಕದ ಕಬ್ಬಿಣದ ಒಲೆ ಹಚ್ಚಿದ್ರೆ ಬಿಸಿಯಾಗೋಕೆ ಎಷ್ಟು ಹೊತ್ತು ಬೇಕು ಹೇಳಿ. ನವೆಂಬರಿಂದ ಮಾರ್ಚ್‌ವರೆಗೆ ನಮ್ಮ ಜೀವ ತಿನ್ನೋದು ತೇವ. ನಾನು ಈ ಬರಹ ಪೂರ್ತಿ ಅದನ್ನೇ ಬೈಕೋತೀನಿ, ಮೊದ್ಲೇ ಹೇಳಿಬಿಟ್ಟಿದೀನಿ.

ನಾವಿರೋದು ಆಕ್ಸ್‌ಫರ್ಡ್ ಕೆನಾಲ್ ಅನ್ನೋ ಕಾಲುವೆ ಮೇಲೆ, ಆಕ್ಸ್‌ಫರ್ಡ್ ಊರಿಂದ ಉತ್ತರಕ್ಕೆ ಕಿಡ್ಲಿಂಗ್ಟನ್ ದಾಟಿದ್ಮೇಲೆ ಥ್ರಪ್ ಅಂತ ಒಂದು ಪುಟ್ಟ ಹಳ್ಳಿ ಬರತ್ತಲ್ಲ, ಅದರ ಆಸುಪಾಸು. ದೋಣಿ ಅಂದ್ರೆ ಕೇರಳದ ಹೌಸ್‌ಬೋಟ್ ಕಣ್ಮುಂದೆ ತಂದ್ಕೋಬೇಡಿ. ಇದು ನ್ಯಾರೋಬೋಟ್. ಅಗಲ 6 ಅಡಿ 10 ಇಂಚು, ನಮ್ಮದ್ರ ಉದ್ದ 57 ಅಡಿ. ಈ ವಿಚಿತ್ರ ಅಳತೆ ಯಾಕೆ ಅಂದ್ರೆ 1760ರ ದಶಕದಲ್ಲಿ ಜೇಮ್ಸ್ ಬ್ರಿಂಡ್ಲಿ ಅನ್ನೋ ಇಂಜಿನಿಯರ್ ಇಲ್ಲಿ ಕಾಲುವೆ ತೋಡಿಸೋಕೆ ಶುರು ಮಾಡ್ದಾಗ ನೀರೂ ಉಳೀಲಿ ದುಡ್ಡೂ ಉಳೀಲಿ ಅಂತ ಲಾಕ್‌ಗಳನ್ನ, ಅಂದ್ರೆ ದೋಣೀನ ಮೇಲಿನ ಮಟ್ಟದ ನೀರಿಂದ ಕೆಳಗಿನ ಮಟ್ಟಕ್ಕೆ ಇಳಿಸೋ ಆ ಗೇಟಿನ ತೊಟ್ಟಿಗಳನ್ನ, ಸುಮಾರು 7 ಅಡಿ ಅಗಲಕ್ಕೆ ಕಟ್ಟಿಸ್ದ. ಅವತ್ತಿನ ಆ ಜಿಪುಣತನದಿಂದ ಇವತ್ತು ನಮ್ಮನೇಲಿ ಒಬ್ರು ಅಡುಗೆ ಮಾಡ್ತಿದ್ರೆ ಇನ್ನೊಬ್ರು ಹಿಂದೆ ಹೋಗೋಕೆ ಹೊಟ್ಟೆ ಒಳಗೆ ಎಳ್ಕೋಬೇಕು.

ಈ ಕಾಲುವೆ ಆಕ್ಸ್‌ಫರ್ಡ್ ಮುಟ್ಟಿದ್ದು 1790ರ ಜನವರಿ 1ಕ್ಕೆ, ನಟ್ಟ ನಡು ಚಳಿಗಾಲದಲ್ಲಿ. ಇದನ್ನ ತೋಡಿದ ದೊಡ್ಡ ಕಾರಣವೇ ಕಲ್ಲಿದ್ದಲು, ಮಧ್ಯ ಇಂಗ್ಲೆಂಡಿನ ಗಣಿಗಳಿಂದ ಆಕ್ಸ್‌ಫರ್ಡಿನ ಒಲೆಗಳಿಗೆ ಅದನ್ನ ಅಗ್ಗಕ್ಕೆ ತರೋಕೆ. ಆ ಕಲ್ಲಿದ್ದಲು ಇಳೀತಿದ್ದ ಬೇಸಿನ್, ಅಂದ್ರೆ ದೋಣಿ ನಿಲ್ಲೋ ಕೊಳ, ಮುಚ್ಚಿ ಅದರ ಮೇಲೆ ಈಗ ನಫೀಲ್ಡ್ ಕಾಲೇಜ್ ನಿಂತಿದೆ. ಊರಿನ ಜನಕ್ಕೆ ಅದೆಲ್ಲ ಮರ್ತೇ ಹೋಗಿದೆ, ಆದ್ರೆ ನಮಗೆ ಈಗ್ಲೂ ಒಲೆಗೆ ಉರುವಲು ಬರೋದು ದೋಣೀಲೇ. ಫ್ಯೂಯಲ್ ಬೋಟ್ ಅಂತಾರೆ. ಕಲ್ಲಿದ್ದಲಿನ ಉಂಡೆ, ಕಟ್ಟಿಗೆ, ಡೀಸೆಲ್, ಗ್ಯಾಸ್ ಸಿಲಿಂಡರ್ ಎಲ್ಲ ಹೇರ್ಕೊಂಡು ಡಗ್ ಡಗ್ ಅಂತ ನಿಧಾನಕ್ಕೆ ಬಂದು ನಮ್ಮ ಪಕ್ಕಕ್ಕೇ ನಿಲ್ಲಿಸಿ ಮೂಟೆಗಳನ್ನ ಚಾವಣಿ ಮೇಲೆ ಎತ್ತಿಟ್ಟು ಹೋಗ್ತಾರೆ. ಚಳಿಗಾಲದಲ್ಲಿ ಅವ್ರು ಬರೋ ದಿನ ನಾನು ಎಲ್ಲಿಗೂ ಹೋಗಲ್ಲ.

ಈಗ ತೇವಕ್ಕೆ ಬರೋಣ. ದೋಣಿ ಅಂದ್ರೆ ಬರೀ ಸ್ಟೀಲು. ತಳ 10 ಮಿಲಿಮೀಟರ್, ಪಕ್ಕ 6, ಮೇಲಿನ ಕ್ಯಾಬಿನ್ 4, ಬಹುತೇಕ ದೋಣಿಗಳ ಲೆಕ್ಕ ಇದೇ. ಒಳಗಡೆ ಫೋಮ್ ಹೊಡೆದು ಅದರ ಮೇಲೆ ಮರದ ಹಲಗೆ ಬಡಿದಿರ್ತಾರೆ, ಆದ್ರೆ ಕಿಟಕಿ ಚೌಕಟ್ಟು ಅಲ್ಯೂಮಿನಿಯಂ, ಗಾಜು ಒಂದೇ ಪದರ, ಬಾಗಿಲಿನ ಅಂಚು ಬರೀ ಕಬ್ಬಿಣ. ನಾವು ಕೂರೋ ಮಟ್ಟದಿಂದ ಕೆಳಗೆ ಹೊರಗಡೆ ಇರೋದು ನೀರು. ನೆಲದ ಕೆಳಗೆ ದೋಣಿ ತೂಕಕ್ಕೆ ಅಂತ ಇಟ್ಟಿಗೆ, ಚಪ್ಪಡಿ ಜೋಡಿಸಿರ್ತಾರೆ, ಅವೂ ತಣ್ಣಗೆ ಕೊರೀತಿರ್ತವೆ. ಹಾಗಾಗಿ ಒಲೆ ಚೆನ್ನಾಗಿ ಉರಿಯೋ ರಾತ್ರಿ ತಲೆ ಹತ್ರ ಬೆವರು, ಪಾದದ ಹತ್ರ ಎರಡು ಜೊತೆ ಸಾಕ್ಸು. ಒಲೆ ಮೇಲೆ ಒಂದು ಪುಟ್ಟ ಫ್ಯಾನ್ ಇಟ್ಟಿದೀವಿ, ಒಲೆ ಬಿಸಿಯಿಂದ್ಲೇ ಕರೆಂಟ್ ಹುಟ್ಟಿಸ್ಕೊಂಡು ತಿರುಗತ್ತೆ, ಅದು ಬಿಸಿ ಗಾಳೀನ ಒಂಚೂರು ಹಿಂದಿನ ಕೋಣೆ ಕಡೆ ತಳ್ಳತ್ತೆ. ಪೂರ್ತಿ ತಳ್ಳಲ್ಲ. ಒಲೆ ಇರೋದು ಮುಂದೆ, ಮಲಗೋದು ಹಿಂದೆ, ನಡುವೆ ಎರಡು ಹವಾಮಾನ.

ಹಿಂಗೆ ಬಿಸಿ ಗಾಳಿ ಹೋಗಿ ತಣ್ಣನೆ ಗಾಜು, ತಣ್ಣನೆ ಕಬ್ಬಿಣ ಮುಟ್ಟಿದ್ರೆ ಏನಾಗತ್ತೆ, ಬೆಳಗ್ಗೆ ಎದ್ದು ನೋಡಿದ್ರೆ ಕಿಟಕಿ ತುಂಬ ನೀರು ಇಳೀತಿರತ್ತೆ. ಎಲ್ಲಿಂದ ಬಂತು ಈ ನೀರು ಅಂದ್ರೆ ನಮ್ಮಿಂದ್ಲೇ. ಇಬ್ರು ರಾತ್ರಿ ಎಲ್ಲ ಉಸಿರಾಡಿದ್ದು, ಅನ್ನ ಬೇಯಿಸಿದ್ದು, ಕುಕ್ಕರ್ ಕೂಗಿದ್ದು, ಸ್ನಾನ, ಒಣಗೋಕೆ ಹಾಕಿದ ಟವಲ್ಲು. ಇದೆಲ್ಲ ಎಲ್ರಿಗೂ ಹೊಳಿಯತ್ತೆ. ಹೊಳೀದೇ ಇರೋದು ಗ್ಯಾಸು. ಪ್ರೊಪೇನ್ ಉರಿದ್ರೆ ಹುಟ್ಟೋದು ಕಾರ್ಬನ್ ಡೈಆಕ್ಸೈಡು ಮತ್ತೆ ನೀರು, ಒಂದು ಕೆಜಿ ಗ್ಯಾಸಿಗೆ ಒಂದೂವರೆ ಲೀಟರಿಗೂ ಮೇಲೆ ನೀರು. ನಾವು ತರೋ 13 ಕೆಜಿ ಸಿಲಿಂಡರ್ ಖಾಲಿ ಆಗೋ ಹೊತ್ತಿಗೆ ಹತ್ರ ಹತ್ರ 21 ಲೀಟರ್ ನೀರು ಆವಿಯಾಗಿ ನಮ್ಮ ಗಾಳಿ ಒಳಗೆ ಸೇರಿರತ್ತೆ. ಒಂದು ಕೊಡಕ್ಕಿಂತ ಜಾಸ್ತಿ ನೀರನ್ನ ನಾವೇ ಒಲೆ ಹಚ್ಚಿ ಮನೆ ಒಳಗೆ ಸುರ್ಕೋತೀವಿ. ಮುಂದಿನ ಕಬ್ಬಿಣದ ಒಲೆ ಹಂಗಲ್ಲ, ಅದಕ್ಕೆ ಚಿಮಣಿ ಇದೆ, ಅದು ಉರಿಯೋವಾಗ ಒಳಗಿನ ಒದ್ದೆ ಗಾಳೀನ ಎಳ್ಕೊಂಡು ಮೇಲಕ್ಕೆ ಬಿಡತ್ತೆ. ಹಾಗಾಗಿ ನಾನು ಚಳಿಗಾಲದಲ್ಲಿ ಸಾರು, ಕಾಳು, ಕಷಾಯ, ಹಂಡೆ ಬಿಸಿನೀರು ಎಲ್ಲ ಆದಷ್ಟು ಒಲೆ ಮೇಲೇ ಇಡೋದು. ಹುರುಳಿಕಾಳು ಬೆಳಗ್ಗೆ ಇಟ್ರೆ ಸಾಯಂಕಾಲಕ್ಕೆ ಕಟ್ಟು ಸಿದ್ಧ, ಮುಚ್ಚಳ ಮಾತ್ರ ತೆಗೀಬಾರ್ದು.

ನಮ್ಮ ಊರು ಮಲೆನಾಡಿನ ಸಾಗರದ ಕಡೆ. ಇಲ್ಲಿ ಮೊದಲ ಚಳಿಗಾಲ ಬಂದಾಗ ನಂಗೆ ಗುರುತು ಸಿಕ್ಕಿದ್ದು ಚಳೀದಲ್ಲ, ನಮ್ಮ ಮಳೆಗಾಲದ್ದು. ಆರಿದ್ರಾ ಮಳೆ ಹಿಡಿದು ಕೂತ್ರೆ ಅಡಿಕೆ ಚಪ್ಪರದ ಕೆಳಗೂ ಪಸೆ, ಹಾಸಿಗೆಗೆ ಪಸೆ, ಉಪ್ಪಿನ ಮರಿಗೆಗೆ ಪಸೆ, ಪೆಟ್ಟಿಗೇಲಿಟ್ಟ ರೇಷ್ಮೆ ಸೀರೆ ಮೇಲೆ ಬೂಷ್ಟು, ಬಚ್ಚಲೊಲೆ ಮೇಲೆ ಗಳ ಕಟ್ಟಿ ಹೊಗೆ ವಾಸನೆಯ ಬಟ್ಟೆ ಒಣಗಿಸ್ಕೊಳೋದು, ಮೇ ತಿಂಗಳಲ್ಲೇ ಕಟ್ಟಿಗೆ ಒಟ್ಟಿ ದರಗು ತುಂಬಿಸಿ ಹಪ್ಪಳ ಸಂಡಿಗೆ ಡಬ್ಬಿಗೆ ಹಾಕಿ ಕಾಯೋದು. ಇಲ್ಲಿ ಅದೇ ತಯಾರಿ ಸೆಪ್ಟೆಂಬರಲ್ಲಿ. ಅಜ್ಜಿ ಕಟ್ಟಿಗೆ ಒಂದನ್ನೊಂದು ಬಡಿದು ಸದ್ದು ಕೇಳಿ ಒಣಗಿದ್ಯೋ ಇಲ್ವೋ ಹೇಳ್ತಿದ್ಳು. ಇಂಗ್ಲೆಂಡಲ್ಲಿ ಅದಕ್ಕೂ ಕಾನೂನಿದೆ, 2021ರಿಂದ ಸಣ್ಣ ಪ್ರಮಾಣದಲ್ಲಿ ಮಾರೋ ಒಲೆ ಕಟ್ಟಿಗೇಲಿ ತೇವ ಶೇ. 20 ಅಥವಾ ಅದಕ್ಕಿಂತ ಕಮ್ಮಿ ಇರ್ಬೇಕು. ಪಿನ್ನು ಚುಚ್ಚಿ ಅಳೆಯೋ ಪುಟ್ಟ ಮೀಟರ್ ಸಿಗತ್ತೆ. ನಾನು ಕೊಂಡ್ಕೊಂಡಿದೀನಿ, ಆದ್ರೂ ಮೊದ್ಲು ಬಡಿದೇ ನೋಡೋದು.

ಮಾಮೂಲಿ ಹೊಗೆಯ ಕಲ್ಲಿದ್ದಲಿನ ಮಾರಾಟ 2023ರಲ್ಲಿ ಮನೆಬಳಕೆಗೆ ನಿಂತುಹೋಯ್ತು, ಈಗ ಉರಿಸೋದು ಹೊಗೆ ಕಮ್ಮಿ ಇರೋ ಸ್ಮೋಕ್‌ಲೆಸ್ ಉಂಡೆ. ಮೊಟ್ಟೆ ಆಕಾರದ ಕಪ್ಪು ಉಂಡೆಗಳು. ರಾತ್ರಿ ಮಲಗೋ ಮುಂಚೆ ಬೂದಿ ಸ್ವಲ್ಪ ಕೆದಕಿ, ಉಂಡೆ ತುಂಬಿ, ಚೆನ್ನಾಗಿ ಹತ್ಕೊಳೋವರೆಗೆ ಕಾದು, ಆಮೇಲೆ ಕೆಳಗಿನ ಗಾಳಿ ಕಿಂಡಿ ಕೂದಲೆಳೆಯಷ್ಟು ಬಿಟ್ರೆ ಬೆಳಗ್ಗೆವರೆಗೆ ಕೆಂಡ ಉಳಿಯತ್ತೆ. ಇದು ಕೈಗೆ ಬರೋ ವಿದ್ಯೆ, ಹೇಳಿಕೊಡೋಕಾಗಲ್ಲ. ಗಾಳಿ ಬೀಸೋ ರಾತ್ರಿಗೆ ಒಂದು ಅಳತೆ, ಮಂಜು ಕವಿದ ರಾತ್ರಿಗೆ ಇನ್ನೊಂದು.

ಇಲ್ಲೇ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು. ದೋಣಿ ಚಾವಣಿ ಮೇಲೆ ಅಣಬೆ ಆಕಾರದ ಗಾಳಿ ಕಿಂಡಿಗಳಿರ್ತವೆ, ಬಾಗಿಲ ಕೆಳಗೂ ಕಿಂಡಿ ಇರತ್ತೆ. ಹೊಸದಾಗಿ ದೋಣಿಗೆ ಬಂದೋರು ಚಳಿಗಾಳಿ ಬರತ್ತೆ ಅಂತ ಅವುಕ್ಕೆ ಬಟ್ಟೆ ತುರುಕೋದುಂಟು. ಅದು ಎರಡು ರೀತಿ ತಪ್ಪು. ಒಂದು, ತೇವ ಹೊರಗೆ ಹೋಗೋ ದಾರಿ ಮುಚ್ಚತ್ತೆ. ಇನ್ನೊಂದು ಜೀವಕ್ಕೇ ಅಪಾಯ, ಒಲೆಯಿಂದ ಕಾರ್ಬನ್ ಮಾನಾಕ್ಸೈಡ್ ಸೋರಿದ್ರೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದೋರು ಏಳಲ್ಲ. 2019ರ ಏಪ್ರಿಲ್‌ನಿಂದ ದೋಣಿಗಳಲ್ಲಿ ಇದರ ಅಲಾರಂ ಕಡ್ಡಾಯ, ನಾಲ್ಕು ವರ್ಷಕ್ಕೊಮ್ಮೆ ಆಗೋ ಸುರಕ್ಷತಾ ತಪಾಸಣೇಲಿ ಅದನ್ನೂ ನೋಡ್ತಾರೆ. ಬಿಸಿ ಬೂದಿ ಬಕೆಟ್ಟನ್ನೂ ಒಳಗಿಡಬಾರ್ದು, ಸತ್ತಂಗೆ ಕಂಡ್ರೂ ಒಳಗೆ ಕೆಂಡ ಇರತ್ತೆ, ಅದೂ ಅದೇ ವಿಷ ಬಿಡತ್ತೆ. ಮುಚ್ಚಳದ ಕಬ್ಬಿಣದ ಡಬ್ಬಿಗೆ ಹಾಕಿ ಹೊರಗಿಡೋದು.

ಬೆಳಗ್ಗೆ ಎದ್ದ ಕೂಡ್ಲೇ ನನ್ನ ಕೆಲಸ ಕಿಟಕಿ ಒರೆಸೋದು. ಇದನ್ನ ಬಿಟ್ರೆ ನೀರು ಚೌಕಟ್ಟಿಂದ ಇಳಿದು ಮರದ ಹಲಗೆ ಹಿಂದೆ ಹೋಗತ್ತೆ, ಅಲ್ಲಿಂದ ಯಾರಿಗೂ ಕಾಣದ ಜಾಗಕ್ಕೆ. ಹಾಸಿಗೆ ಎತ್ತಿ ನಿಲ್ಲಿಸ್ಬೇಕು, ಅದರಡಿಗೆ ಗಾಳಿ ಆಡೋಕೆ ಬಲೆ ಹಾಸಿದೀವಿ. ಬಟ್ಟೆ ಕಪಾಟು ಸ್ಟೀಲ್ ಗೋಡೆಗೆ ಒತ್ತಿದಷ್ಟೂ ಬೂಷ್ಟು ಜಾಸ್ತಿ, ಹಾಗಾಗಿ ಬಟ್ಟೆ ಕಮ್ಮಿ ಇಟ್ಕೋಬೇಕು, ಇಟ್ಟಿದ್ದನ್ನೂ ಆಗಾಗ ಆಚೆ ತೆಗೀಬೇಕು. ಧಾರೆ ಸೀರೆ ಇಲ್ಲಿಗೆ ತರ್ಲೇ ಇಲ್ಲ, ಊರಲ್ಲೇ ಇದೆ. ಅಲ್ಲೂ ಮಳೆಗಾಲದಲ್ಲಿ ಬೂಷ್ಟು ಬರತ್ತೆ ಅನ್ನಿ, ಆದ್ರೆ ಅಲ್ಲಿ ಅಮ್ಮ ಇದಾಳೆ.

ಕತ್ತಲೆ ವಿಷ್ಯ. ಡಿಸೆಂಬರ್ ಕೊನೇಲಿ ಇಲ್ಲಿ ಸೂರ್ಯ ಹುಟ್ಟೋದು ಎಂಟು ಗಂಟೆ ದಾಟಿ, ಮುಳುಗೋದು ನಾಲ್ಕರ ಹೊತ್ತಿಗೆ. ಧನುರ್ಮಾಸದಲ್ಲಿ ಸೂರ್ಯ ಹುಟ್ಟೋಕೆ ಮುಂಚೆ ಹುಗ್ಗಿ ಮಾಡಿ ಪೂಜೆ ಮುಗಿಸ್ಬೇಕು ಅಂತ ಊರಲ್ಲಿ ನಸುಕಿಗೇ ಎಬ್ಬಿಸ್ತಿದ್ರಲ್ಲ, ಇಲ್ಲಿ ಏಳೂವರೆಗೆ ಆರಾಮಾಗಿ ಎದ್ದು ಹುಗ್ಗಿ ಇಟ್ರೂ ಶಾಸ್ತ್ರ ತಪ್ಪಲ್ಲ. ಸೋಮಾರಿಗಳಿಗೆ ಇದಕ್ಕಿಂತ ಒಳ್ಳೆ ಅಕ್ಷಾಂಶ ಬೇರೆ ಇಲ್ಲ. ಆದ್ರೆ ಚಾವಣಿ ಮೇಲಿನ ಸೋಲಾರ್ ಪ್ಯಾನೆಲ್ಲು ನಡು ಚಳಿಗಾಲದ ಎರಡು ತಿಂಗಳು ಹೆಚ್ಚುಕಮ್ಮಿ ಅಲಂಕಾರಕ್ಕೆ. ಬ್ಯಾಟರಿ ತುಂಬಿಸೋಕೆ ಇಂಜಿನ್ ಓಡಿಸ್ಬೇಕು, ಅದೂ ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ ಓಡಿಸೋ ಹಂಗಿಲ್ಲ, ಅಕ್ಕಪಕ್ಕದ ದೋಣಿಯೋರು ಮಲಗ್ಬೇಕಲ್ಲ. ನಮ್ಮದು ಹಳೇ ಕಾಲದ ಲೆಡ್ ಆಸಿಡ್ ಬ್ಯಾಟರಿ, ಅರ್ಧಕ್ಕಿಂತ ಕೆಳಗೆ ಇಳಿಸ್ತಾ ಹೋದ್ರೆ ಬೇಗ ಸಾಯತ್ತೆ. ಹಾಗಾಗಿ ಮಿಕ್ಸಿ ಹಾಕೋದಿದ್ರೆ ಇಂಜಿನ್ ಓಡೋವಾಗ್ಲೇ. ಚಟ್ನಿಗೆ ಡೀಸೆಲ್ ವಾಸನೆ ಬರತ್ತೆ ಅಂತ ಇವ್ರು ತಮಾಷೆ ಮಾಡ್ತಾರೆ, ಮಾಡ್ಲಿ, ತಿನ್ನೋವಾಗ ಸುಮ್ನಿರ್ತಾರಲ್ಲ. ಇಡ್ಲಿ ಹಿಟ್ಟು ಮಾತ್ರ ಈ ಮನೆಯಷ್ಟು ಚೆನ್ನಾಗಿ ಇಂಗ್ಲೆಂಡಿನ ಯಾವ ಫ್ಲ್ಯಾಟಲ್ಲೂ ಹುದುಗು ಬರಲ್ಲ. ಒಲೆಯಿಂದ ಎರಡು ಮೊಳ ದೂರ, ನೆಲಕ್ಕಿಂತ ಮೇಲೆ ಒಂದು ಕಪಾಟಿದೆ, ಆ ಜಾಗ ಹಿಟ್ಟಿಗೇ ಮೀಸಲು, ಬೇರೆ ಯಾರಿಗೂ ಕೊಡಲ್ಲ.

ನೀರಿನ ಮೇಲಿದ್ರೂ ಕುಡಿಯೋ ನೀರಿಗೆ ಟ್ಯಾಂಕೇ ಗತಿ. ಮುಂಭಾಗದ ಕಟ್ಟೆ ಕೆಳಗೆ ಇರತ್ತೆ, ಕಾಲುವೆ ದಡದ ನಲ್ಲಿಗೆ ದೋಣಿ ತಗೊಂಡ್ಹೋಗಿ ಪೈಪ್ ಹಾಕಿ ತುಂಬಿಸ್ಕೋಬೇಕು. ಸೊನ್ನೆಗಿಂತ ಕೆಳಗೆ ಹೋದ್ರೆ ಮೊದ್ಲು ಹೆಪ್ಪುಗಟ್ಟೋದು ಆ ನಲ್ಲಿ. ಹವಾಮಾನ ವರದೀಲಿ ಹಿಮ ಅಂತ ಕಂಡ್ರೆ ಹಿಂದಿನ ದಿನವೇ ಟ್ಯಾಂಕ್ ತುಂಬಿಸಿ, ಪೈಪಿನ ನೀರು ಬಸಿದು ಒಳಗಿಟ್ಕೊಂಡು, ಕ್ಯಾಸೆಟ್ ಕಕ್ಕಸಿನ ಡಬ್ಬೀನೂ ಖಾಲಿ ಮಾಡಿ ಬಂದ್ಬಿಡೋದು. ಹೌದು, ಆ ಕೆಲಸ ನಾವೇ ಮಾಡೋದು, ದಡದಲ್ಲಿ ಅದಕ್ಕೇ ಅಂತ ಜಾಗ ಇರತ್ತೆ, ಊಟದ ಹೊತ್ತಿಗೆ ಓದ್ತಿರೋರು ಕ್ಷಮಿಸಿ. ಗ್ಯಾಸಿಗೂ ಚಳಿ ಲೆಕ್ಕ ಇದೆ. ಬ್ಯೂಟೇನ್ ಸಿಲಿಂಡರ್ ಸೊನ್ನೆ ಡಿಗ್ರಿ ಹತ್ರ ಬಂದ್ರೆ ಆವಿಯಾಗಲ್ಲ, ತೂಕ ಇರತ್ತೆ, ಉರಿ ಬರಲ್ಲ. ಪ್ರೊಪೇನ್ ಮೈನಸ್ 42ಕ್ಕೆ ಕುದಿಯತ್ತೆ, ಹಾಗಾಗಿ ದೋಣಿಯೋರು ಚಳಿಗಾಲಕ್ಕೆ ಅದನ್ನೇ ತಗೊಳೋದು.

ಹಿಮ ಬಿದ್ದ ದೋಣಿಯ ಫೋಟೋ ನೋಡಿ ಎಷ್ಟೋ ಜನ ನಂಗೆ ಮೆಸೇಜ್ ಮಾಡ್ತಾರೆ, ಆಹಾ ಎಂಥ ಸ್ವರ್ಗ ಅಂತ. ಹಿಮ ಒಳ್ಳೇದೇ, ಒಣಗಿರತ್ತೆ, ಚಾವಣಿ ಮೇಲೆ ಕೂತ್ರೆ ಒಳಗೆ ಇನ್ನೂ ಬೆಚ್ಚಗಾಗತ್ತೆ. ಕಾಲುವೆ ಹೆಪ್ಪುಗಟ್ಟೋದು ಬೇರೆ ಕಥೆ. ಹೆಪ್ಪುಗಟ್ಟಿದ ನೀರಲ್ಲಿ ಯಾರಾದ್ರೂ ದೋಣಿ ಓಡಿಸಿದ್ರೆ ಹಾಳೆ ಹಾಳೆ ಐಸ್ ಒಡೆದು ನಿಂತಿರೋ ದೋಣಿಗಳ ಪಕ್ಕಕ್ಕೆ ಉಜ್ಜತ್ತೆ, ನೀರಿನ ಗೆರೆ ಹತ್ರ ಬಳಿದ ಕಪ್ಪು ಬಣ್ಣ ಕಿತ್ಕೊಂಡು ಬರತ್ತೆ, ಮರದ ದೋಣಿಗಳಿಗಂತೂ ಹಲಗೇನೇ ಕೊಯ್ಯತ್ತೆ. ಹಿಂದಿನ ಕಾಲದಲ್ಲಿ ಐಸ್ ಒಡೆಯೋಕೇ ಬೇರೆ ದೋಣಿ ಇರ್ತಿದ್ವು, ಕುದುರೆಗಳು ಎಳೀತಿದ್ವು, ನಡುವಿನ ಕಂಬಿ ಹಿಡ್ಕೊಂಡು ಸಾಲಾಗಿ ನಿಂತ ಗಂಡಸರು ದೋಣೀನ ಆ ಕಡೆ ಈ ಕಡೆ ಅಲ್ಲಾಡಿಸ್ತಿದ್ರು.

1962ರ ಕ್ರಿಸ್‌ಮಸ್ ಮಾರನೇ ದಿನ ಶುರುವಾದ ಚಳಿ ಮಾರ್ಚ್ ಶುರುವಿನವರೆಗೆ ಬಿಡಲಿಲ್ಲ. ಆಗ ಇನ್ನೂ ಈ ಕಾಲುವೆಗಳಲ್ಲಿ ಸರಕು ಸಾಗಿಸೋ ಕುಟುಂಬಗಳಿದ್ವು, ದೋಣಿಯ ಹಿಂದುಗಡೆ ಸುಮಾರು 10 ಅಡಿ ಉದ್ದದ ಕ್ಯಾಬಿನ್ನಲ್ಲಿ ಗಂಡ ಹೆಂಡತಿ ಮಕ್ಕಳು ಎಲ್ಲ, ಅದ್ರಲ್ಲೇ ಒಲೆ, ಅದ್ರಲ್ಲೇ ಮಡಚೋ ಹಾಸಿಗೆ, ಬಾಗಿಲ ಮೇಲೆ ಗುಲಾಬಿ, ಕೋಟೆ ಚಿತ್ರ. ಸರಕು ತುಂಬಿದ ದೋಣಿಗಳು ಇದ್ದಲ್ಲೇ ಐಸಲ್ಲಿ ಸಿಕ್ಕಿಬಿದ್ವು. ದೋಣಿ ಓಡಿದ್ರೆ ಮಾತ್ರ ಕೂಲಿ ಸಿಗ್ತಿದ್ದ ಜನ ಅವ್ರು. ಲಾರಿ ಮೊದ್ಲೇ ಅರ್ಧ ಕಸ್ಕೊಂಡಿತ್ತು, ಆ ಚಳಿಗಾಲದಲ್ಲಿ ಉಳಿದಿದ್ದೂ ರಸ್ತೆಗೆ ಹೋಯ್ತು. ಅದೇ 1963ರಲ್ಲಿ ಹೊಸದಾಗಿ ಬಂದ ಕಾಲುವೆಗಳ ಸರ್ಕಾರಿ ಸಂಸ್ಥೆ ಬ್ರಿಟಿಷ್ ವಾಟರ್‌ವೇಸ್ ತನ್ನ ನ್ಯಾರೋಬೋಟ್ ಸಾಗಣೇನ ಬಹುಪಾಲು ಕೈಬಿಟ್ತು. ನಮ್ಮ ಚಳಿಗಾಲದ ಗೋಳು ಹೇಳ್ಕೊಳೋವಾಗ ನಂಗೆ ಈ ಜನ ನೆನಪಾಗಿ ಸ್ವಲ್ಪ ನಾಚಿಕೆ ಆಗತ್ತೆ. 57 ಅಡಿಯಲ್ಲಿ ಇಬ್ರು, ಫೋಮ್ ಗೋಡೆ, ಬಿಸಿನೀರು ಶವರ್. ಅವ್ರ ಕಿಟಕಿ ನೀರು ಯಾರು ಒರೆಸ್ತಿದ್ರೋ, ಅವ್ರ ದೋಣಿಗೆ ಕಿಟಕಿನೂ ಇರ್ತಿದ್ದಿದ್ದು ಒಂದು ಸಣ್ಣ ಗುಂಡನೇ ಗಾಜು.

ಚಳಿಗಾಲದಲ್ಲಿ ಒಂದೇ ಕಡೆ ಯಾಕೆ ನಿಲ್ತೀರ ಅಂದ್ರೆ, ಖಾಯಂ ಜಾಗ ಇಲ್ಲದ ನಮ್ಮಂಥೋರು 1995ರ ಕಾಯ್ದೆ ಪ್ರಕಾರ ಒಂದೇ ಜಾಗದಲ್ಲಿ ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ನಿಲ್ಲೋ ಹಂಗಿಲ್ಲ, ಸಾಗ್ತಾ ಇರ್ಬೇಕು. 2012ರಿಂದ ಇದನ್ನೆಲ್ಲ ನೋಡ್ಕೊಳೋ ಕೆನಾಲ್ ಅಂಡ್ ರಿವರ್ ಟ್ರಸ್ಟ್‌ನೋರು ನವೆಂಬರಿಂದ ಫೆಬ್ರವರಿವರೆಗೆ ದುಡ್ಡು ತಗೊಂಡು ವಿಂಟರ್ ಮೂರಿಂಗ್, ಅಂದ್ರೆ ಚಳಿಗಾಲ ಪೂರ್ತಿ ಒಂದೇ ಕಡೆ ದೋಣಿ ಕಟ್ಟೋ ಜಾಗ, ಕೊಡ್ತಾರೆ, ನಾವೂ ಅದನ್ನೇ ತಗೊಳೋದು. ಅವ್ರಿಗೂ ಅದು ಕೆಲಸದ ಕಾಲ. ಓಕ್ ಮರದ ಲಾಕ್ ಗೇಟುಗಳು ಸುಮಾರು 25 ವರ್ಷ ಬಾಳ್ತವೆ, ಬದಲಾಯಿಸೋದೆಲ್ಲ ಚಳಿಗಾಲದಲ್ಲಿ, ನೀರು ಬಸಿದು ಲಾಕ್ ತಳ ಕಾಣೋ ಹಂಗೆ. ನಮ್ಮಿಂದ ಸ್ವಲ್ಪ ಉತ್ತರಕ್ಕೆ ಶಿಪ್ಟನ್ ವಿಯರ್ ಲಾಕ್ ದಾಟಿದ್ರೆ ಕಾಲುವೆ ಸುಮಾರು ಒಂದು ಮೈಲಿ ಚೆರ್ವೆಲ್ ನದಿಯೊಳಗೇ ಹರಿಯತ್ತೆ. ನಾಲ್ಕು ದಿನ ಮಳೆ ಹೊಡೆದ್ರೆ ಅಲ್ಲಿ ಮಟ್ಟದ ಬೋರ್ಡು ಹಸಿರಿಂದ ಹಳದಿ, ಹಳದಿಯಿಂದ ಕೆಂಪಿಗೆ ಹೋಗತ್ತೆ, ಕೆಂಪು ಅಂದ್ರೆ ಹೋಗ್ಬೇಡಿ ಅಂತ. ತೆಂಕಣ ಕಡೆ ಥೇಮ್ಸ್ ತುಂಬಿರತ್ತೆ. ಮೇಲೂ ಇಲ್ಲ ಕೆಳಗೂ ಇಲ್ಲ. ಟೋಪಾತ್, ಅಂದ್ರೆ ಹಿಂದೆ ಕುದುರೆ ನಡೀತಿದ್ದ ದಡದ ದಾರಿ, ಪೂರಾ ಕೆಸರು, ದೋಣಿ ಕಟ್ಟಿದ ಗೂಟಗಳು ಆ ಮೆತ್ತಗಿನ ಮಣ್ಣಲ್ಲಿ ಸಡಿಲಾಗ್ತವೆ, ಯಾರಾದ್ರೂ ಜೋರಾಗಿ ಹೋದ್ರೆ ಕಿತ್ತೇ ಬರ್ತವೆ. ಮಳೆ ರಾತ್ರಿ ಟಾರ್ಚ್ ಹಿಡ್ಕೊಂಡು ಹೋಗಿ ಸುತ್ತಿಗೆಯಲ್ಲಿ ಹೊಡೆಯೋದು. ಪಕ್ಕದ ದೋಣಿಯ ಮುದುಕ ಆಗ್ಲೇ ತನ್ನದನ್ನ ಹೊಡೆದು ನಮ್ಮದನ್ನೂ ಹೊಡೆದಿರ್ತಾನೆ. ಮಾತಿಲ್ಲ, ಕತೆಯಿಲ್ಲ, ಬೆಳಗ್ಗೆ ನೋಡಿದ್ರೆ ನಗುವೂ ಇಲ್ಲ, ಆದ್ರೆ ಗೂಟ ಗಟ್ಟಿ. ನಾನು ಒಲೆ ಮೇಲಿನ ಹುರುಳಿ ಸಾರು ಒಂದು ಡಬ್ಬಿ ಕೊಟ್ಟು ಬಂದೆ, ಡಬ್ಬಿ ವಾಪಸ್ ಬಂದಾಗ ಅದ್ರ ತುಂಬ ಒಲೆ ಹಚ್ಚೋಕೆ ಸೀಳಿದ ಸಣ್ಣ ಕಡ್ಡಿಗಳಿದ್ವು, ಎಲ್ಲವೂ ಚೆನ್ನಾಗಿ ಒಣಗಿದ್ದು.

ಬಾಡಿಗೆ ಉಳಿಯತ್ತಾ ಅಂತ ಕೇಳೋರಿಗೆ, ಆಕ್ಸ್‌ಫರ್ಡ್ ಬಾಡಿಗೆಗೆ ಹೋಲಿಸಿದ್ರೆ ಉಳಿಯತ್ತೆ, ಆದ್ರೆ ಲೈಸೆನ್ಸು, ಉರುವಲು, ಡೀಸೆಲ್ಲು, ಎರಡು ಮೂರು ವರ್ಷಕ್ಕೊಮ್ಮೆ ದೋಣಿ ಮೇಲೆತ್ತಿ ಕಪ್ಪು ಬಳಿಸೋದು ಎಲ್ಲ ಸೇರಿಸಿದ್ರೆ ಜನ ಅಂದ್ಕೊಂಡಷ್ಟಲ್ಲ. ನೋಡೋಕೆ ಬರ್ತೀವಿ ಅನ್ನೋರು ಮಾರ್ಚ್ ಆದ್ಮೇಲೆ ಬನ್ನಿ. ಇಲ್ಲ ಚಳಿಗಾಲವೇ ನೋಡ್ಬೇಕು ಅಂದ್ರೆ ಗಟ್ಟಿ ಸೂಟ್‌ಕೇಸ್ ತರ್ಬೇಡಿ ಇಡೋಕೆ ಜಾಗ ಇಲ್ಲ, ಬಟ್ಟೆ ಬ್ಯಾಗು ಸಾಕು, ಒದ್ದೆ ಛತ್ರಿ ಮುಂದಿನ ಕಟ್ಟೆ ಮೇಲೇ ಬಿಟ್ಟು ಬನ್ನಿ, ಬರೋವಾಗ ಹುರಿದ ಸಾಂಬಾರ್ ಪುಡಿ, ಒಂದು ಕೆಜಿ ಹುರುಳಿ ತಂದ್ರೆ ಸಂತೋಷ, ಮತ್ತೆ ಬೆಳಗ್ಗೆ ನನಗಿಂತ ಮುಂಚೆ ಎದ್ದೋರು ಕಿಟಕಿ ಒರೆಸ್ಬೇಕು, ಬಟ್ಟೆ ಸಿಂಕಿನ ಕೆಳಗಿದೆ.